ಮೊದಲು ಠಾಣೆ, ಆಮೇಲೆ ಡಂಗುರ

ನಮ್ಮ ಹಳ್ಳಿಗಳಲ್ಲಿ ಮಗುವೋ ದನವೋ ಕಾಣೆಯಾದರೆ ಡಂಗುರ ಸಾರಿಸುವ ಪದ್ಧತಿಯಿತ್ತು. ಅದನ್ನು ಕಂಡಕಂಡವರು ಹೊಡೆಯುವಂತಿರಲಿಲ್ಲ. ಗೌಡರ ಅಪ್ಪಣೆಯಾಗಬೇಕು, ತಳವಾರ ಸಾರಬೇಕು. ಆದ್ದರಿಂದಲೇ ಕೇಳಿದವರು ನಂಬುತ್ತಿದ್ದರು. ಪಾಂಡೇಸರಾದ ಗಿರಣಿಗಳ ನಡುವೆ, ಪಕ್ಕದ ಖೋಲಿಯವರ ಭಾಷೆಯೇ ಬೇರೆಯಾಗಿರುವಲ್ಲಿ, ಮಗು ಕಾಣೆಯಾದರೆ ಡಂಗುರ ಸಾರಿಸುವವರು ಯಾರು? ವಾಚಕರು ಇದನ್ನು ಮುಂಚಿತವಾಗಿಯೇ ತಿಳಿದಿರುವುದು ಲೇಸು.

ಈ ಕಾಲದ ಡಂಗುರಕ್ಕೆ ಹೆಸರಾದ ಮಾದರಿ ಅಮೇರಿಕೆಯ ‘ಆಂಬರ್ ಎಚ್ಚರಿಕೆ’. ೧೯೯೬ರ ಜನವರಿಯಲ್ಲಿ ಟೆಕ್ಸಾಸ್ ಸಂಸ್ಥಾನದ ಆರ್ಲಿಂಗ್ಟನ್ ಊರಿನಲ್ಲಿ ಸೈಕಲ್ ತುಳಿಯುತ್ತಿದ್ದ ಆಂಬರ್ ಎಂಬ ೯ ವರ್ಷದ ಬಾಲಿಕೆಯನ್ನು ಒಬ್ಬನು ತನ್ನ ವಾಹನಕ್ಕೆ ಎಳೆದುಹಾಕಿಕೊಂಡು ಹೋದನು. ನೆರೆಯವರೊಬ್ಬರು ಕಣ್ಣಾರೆ ಕಂಡು ಪೊಲೀಸರಿಗೆ ತಿಳಿಸಿದರು. ಆದರೆ ರಸ್ತೆಗಳಲ್ಲಿದ್ದ ಸಾವಿರಾರು ಜನರಿಗೆ ಆ ಸಂಗತಿಯನ್ನು ಒಡನೆ ಮುಟ್ಟಿಸುವ ಸಾಧನವಿರಲಿಲ್ಲ. ನಾಲ್ಕು ದಿನಗಳ ಮೇಲೆ ಮಗುವಿನ ಶವ ಸಿಕ್ಕಿತು. ಬಿರುಗಾಳಿ ಬರುವಾಗ ಎಚ್ಚರಿಸುವ ರೇಡಿಯೋ ಮಗು ಹೋದಾಗ ಏಕೆ ಸುಮ್ಮನಿರಬೇಕೆಂದು ಜನ ಕೇಳಿದರು. ರೇಡಿಯೋ ನಿಲಯಗಳೂ ಪೊಲೀಸರೂ ಕೂಡಿ ಈ ಏರ್ಪಾಟು ಮಾಡಿದರು. ೨೦೧೩ರಿಂದ ಅದು ಮೊಬೈಲುಗಳಿಗೂ ಬರುತ್ತದೆ. ಸಾವಿರಕ್ಕೂ ಹೆಚ್ಚು ಮಕ್ಕಳು ಇದರಿಂದ ಮರಳಿ ಸಿಕ್ಕಿದ್ದಾರೆ.

ಆದರೆ ಪ್ರತಿಯೊಂದು ದೂರಿಗೂ ಅಲ್ಲಿ ಈ ಎಚ್ಚರಿಕೆ ಹೊರಡುವುದಿಲ್ಲ. ಅಪಹರಣವಾಗಿದೆಯೆಂದು ಪೊಲೀಸರಿಗೆ ಮನವರಿಕೆಯಾಗಬೇಕು. ಮಗುವಿನ ಪ್ರಾಣಕ್ಕೆ ಅಪಾಯವಿರಬೇಕು. ಮಗುವಿನ ಚಹರೆ, ಒಯ್ದವನ ಗುರುತು, ವಾಹನದ ಬಣ್ಣ, ನಂಬರು ಮುಂತಾಗಿ ಜನ ಕಂಡು ಹಿಡಿಯುವಷ್ಟು ವಿವರವಿರಬೇಕು. ದಿನಕ್ಕೆ ಹತ್ತು ಸಲ ಸುಮ್ಮನೆ ಕೂಗಿದರೆ ಹನ್ನೊಂದನೆಯ ಸಲ ಯಾರೂ ಕಿವಿಗೊಡರು.

ನಮ್ಮ ದೇಶದಲ್ಲಿ ೨೦೨೩ರಲ್ಲಿ ಎಲ್ಲರ ಮೊಬೈಲುಗಳೂ ಒಮ್ಮೆಗೇ ಸದ್ದು ಮಾಡಿದ್ದು ಹಲವರಿಗೆ ನೆನಪಿರಬಹುದು. ಅದು ನೆರೆ, ಚಂಡಮಾರುತಗಳಂಥ ವಿಪತ್ತಿನ ಸೂಚನೆಗಾಗಿ ನಡೆದ ಪರೀಕ್ಷೆ. ಮಕ್ಕಳ ವಿಷಯದಲ್ಲಿ ನಮ್ಮ ಡಂಗುರ ಹೊರಡುವುದು ಪೊಲೀಸ್ ಠಾಣೆಯ ದಫ್ತರದಿಂದ. ೨೦೧೩ರ ಮೇ ೧೦ರಂದು ಸುಪ್ರೀಂ ಕೋರ್ಟು, ಮಗು ಕಾಣೆಯಾದ ಪ್ರತಿಯೊಂದು ದೂರಿಗೂ ಪ್ರಥಮ ವರ್ತಮಾನ ವರದಿ, ಎಂದರೆ ಎಫ್.ಐ.ಆರ್., ದಾಖಲಾಗಬೇಕೆಂದು ಆಜ್ಞೆ ಮಾಡಿತು. ಬೇರೆ ಕಾರಣ ತಿಳಿದುಬರುವ ತನಕ ಅದನ್ನು ಅಪಹರಣವೆಂದೇ ಭಾವಿಸಬೇಕು. ‘ಇಪ್ಪತ್ತನಾಲ್ಕು ಗಂಟೆ ಕಾದು ಬನ್ನಿ’ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ೨೦೧೬ರ ಬಾಲನ್ಯಾಯ ಮಾದರಿ ನಿಯಮಗಳ ಪ್ರಕಾರ ಪೊಲೀಸರು ಮಗುವಿನ ಇತ್ತೀಚಿನ ಭಾವಚಿತ್ರ ಪಡೆದು ಪತ್ರಿಕೆ, ದೂರದರ್ಶನ ಮೊದಲಾದವುಗಳ ಮೂಲಕ ಪ್ರಚಾರ ಮಾಡಬೇಕು. ನಾಲ್ಕು ತಿಂಗಳಲ್ಲಿ ಮಗು ಸಿಗದಿದ್ದರೆ ತನಿಖೆ ಮಾನವ ಸಾಗಣೆ ತಡೆ ದಳಕ್ಕೆ ಹೋಗಬೇಕು.

ದೂರೇ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಪಾಂಡೇಸರಾ ಕಂಡಿದೆ. ೨೦೧೮ರ ಏಪ್ರಿಲಿನಲ್ಲಿ ಇಲ್ಲಿ ಒಬ್ಬ ಬಾಲಿಕೆಯ ಶವ ಸಿಕ್ಕಿತು. ಪೊಲೀಸರು ಚಿತ್ರ ಹಂಚಿದರು, ಬಹುಮಾನ ಸಾರಿದರು, ಕಾಣೆಯಾದ ಸಾವಿರಾರು ಮಕ್ಕಳ ಪಟ್ಟಿಗಳನ್ನು ಜಾಲಾಡಿದರು. ಆದರೂ ಅವಳು ಯಾರೆಂದು ಹಲವು ದಿನ ತಿಳಿಯಲಿಲ್ಲ. ತಾಯಿಯೂ ಕೊಲೆಯಾಗಿದ್ದಳೆಂಬುದು ಆಮೇಲೆ ಬಯಲಾಯಿತು. ಹುಡುಕಿ ಕೊಡಿರೆಂದು ಬೇಡುವವರೇ ಆ ಮಗುವಿಗೆ ಉಳಿದಿರಲಿಲ್ಲ. ಅಪರಾಧಿಗೆ ೨೦೨೨ರ ಮಾರ್ಚಿನಲ್ಲಿ ಸೂರತ್ತಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಪರಸ್ಥಳದಿಂದ ಬಂದ ಕುಟುಂಬವನ್ನು ಅಕ್ಕಪಕ್ಕದವರು ಅರಿತಿರುವುದು ಎಷ್ಟು ದೊಡ್ಡ ರಕ್ಷೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಠಾಣೆಯನ್ನು ಬಿಟ್ಟು ಹೊರಟ ಡಂಗುರದ ಅನಾಹುತವನ್ನೂ ಅದೇ ವರ್ಷ ಕಂಡೆವು. ಬೈಕಿನ ಮೇಲೆ ಬಂದು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವೊಂದು ವಾಟ್ಸಾಪಿನಲ್ಲಿ ಹಬ್ಬಿತು. ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ತಿಳಿವಳಿಕೆ ಕೊಡಲು ತೆಗೆದ ಚಿತ್ರ. ಮಗುವನ್ನು ಮರಳಿ ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಇಂಥ ವದಂತಿ ನಂಬಿದ ಗುಂಪು ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಜೂನಿನಲ್ಲಿ ಅಹಮದಾಬಾದಿನ ವಾಡಜ್‌ನಲ್ಲಿ ಭಿಕ್ಷೆ ಬೇಡುತ್ತಿದ್ದ ಹೆಂಗಸು ಹಾಗೆಯೇ ಸತ್ತಳು. ಭಾಷೆ ಬಾರದ ಪರಸ್ಥಳದವರ ಮೇಲೆ ಮೊದಲು ಸಂಶಯ ಬೀಳುತ್ತದೆ. ನಾವೂ ಇಲ್ಲಿ ಪರಸ್ಥಳದವರೇ ಎಂಬುದನ್ನು ಮರೆಯಬಾರದು.

ಆದ್ದರಿಂದ ಕ್ರಮ ಹೀಗಿರಲಿ. ಮಗು ಕಾಣದಿದ್ದರೆ ಒಬ್ಬರು ಹುಡುಕಲು ಹೋಗಲಿ, ಇನ್ನೊಬ್ಬರು ಕೂಡಲೇ ೧೧೨ಕ್ಕೆ ಫೋನು ಮಾಡಲಿ. ಮಕ್ಕಳ ಸಹಾಯವಾಣಿ ೧೦೯೮. ಎರಡಕ್ಕೂ ಹಣ ಬೀಳುವುದಿಲ್ಲ. ರೈಲಿನ ಸಂಶಯವಿದ್ದರೆ ೧೩೯. ನಮಗೆ ಹತ್ತಿರದ ಉಧನಾ ನಿಲ್ದಾಣದಿಂದ ಒಂದು ಹಾದಿ ಮುಂಬಯಿಗೆ, ಇನ್ನೊಂದು ಜಳಗಾವಿಗೆ ಒಡೆಯುತ್ತದೆ. ಒಂದು ಗಂಟೆ ತಡವಾದರೆ ಮಗು ಯಾವ ಹಾದಿ ಹಿಡಿಯಿತೆಂದು ಹೇಳುವುದೇ ಕಷ್ಟ. ಬಳಿಕ ಠಾಣೆಗೆ ಹೋಗಿ ದೂರು ಬರೆಸಿರಿ. ‘ಇದು ನಮ್ಮ ಹದ್ದಲ್ಲ’ ಎಂದು ಕಳುಹಿಸುವಂತಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಂಹಿತೆಯಂತೆ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಅದರ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ಭಾವಚಿತ್ರ, ಎತ್ತರ, ತೊಟ್ಟ ಬಟ್ಟೆ, ಮೈಮೇಲಿನ ಮಚ್ಚೆ, ಕೊನೆಗೆ ಕಂಡ ಸ್ಥಳ ಮತ್ತು ವೇಳೆ ತಿಳಿಸಿರಿ. ಮಗುವಿಗೆ ಕನ್ನಡ ಮಾತ್ರ ಬರುವುದಾದರೆ ಅದನ್ನೂ ಬರೆಸಿರಿ. ದೂರು ದಾಖಲಾದ ಮೇಲೆ ಗೆಳೆಯರಿಗೆ ಕಳಿಸುವ ಸಂದೇಶದಲ್ಲಿ ಠಾಣೆಯ ಹೆಸರು, ತಾರೀಖು ಇರಲಿ. ಮಗು ಸಿಕ್ಕಿದೊಡನೆ ಆ ಸುದ್ದಿಯನ್ನೂ ಅಷ್ಟೇ ಬೇಗ ಮುಟ್ಟಿಸಿರಿ.

ನಮ್ಮಲ್ಲಿ ಗುಜರಾತಿ, ಹಿಂದಿ ಬರೆಯಬಲ್ಲ ಗುಮಾಸ್ತರಿದ್ದಾರೆ. ಪಾಳಿ ಬಿಟ್ಟು ಠಾಣೆಯ ಬಾಗಿಲಲ್ಲಿ ಮಾತು ತೋಚದೆ ನಿಲ್ಲುವ ಕೂಲಿಕಾರರೂ ಇದ್ದಾರೆ. ಮೊದಲಿನವರು ಎರಡನೆಯವರ ಜೊತೆಗೆ ಹೋಗಿ ಒಂದು ಕಾಗದ ಬರೆದುಕೊಟ್ಟರೆ ಅದೇ ಮೊದಲ ಡಂಗುರ. ಈ ಭಾನುವಾರವೇ ಪ್ರತಿಯೊಬ್ಬರೂ ಮಗುವಿನ ಒಂದು ಹೊಸ ಭಾವಚಿತ್ರ ತೆಗೆಸಿಟ್ಟು, ತಂದೆತಾಯಿಯ ಫೋನ್ ನಂಬರನ್ನು ಮಗುವಿಗೆ ಬಾಯಿಪಾಠ ಮಾಡಿಸಿರಿ.