ಅಪ್ಪನಿಗೆ ಕಂಪವಾತವಿದ್ದರೆ ಮಗನ ಕೈನಡುಕವೂ ಅದೇ ಬೇನೆಯೇ?



ಈ ಪುಟದಲ್ಲಿ ಲಾವಣಿ, ಗೊಬ್ಬರ, ಕುಳೆ ಕಬ್ಬಿನ ಆರೈಕೆಯ ಮಾತು ಬರುವದೇ ವಾಡಿಕೆ. ಆದರೆ ಔಷಧಿ ಹೊಡೆಯುವ ದಿನಗಳಲ್ಲಿ ಗಟ್ಟ ಕಚೇರಿಗೆ ಬಂದವರಲ್ಲಿ ಕೆಲವರು ಹೊರಡುವ ಮುಂದೆ ದನಿ ತಗ್ಗಿಸಿ ಬೇರೊಂದು ಪ್ರಶ್ನೆ ಕೇಳುತ್ತಾರೆ. “ಸಾಹೇಬ್ರ, ನಮ್ಮಪ್ಪಗ ಕಂಪವಾತ ಐತಿ. ಪಂಪ್ ಹೊತ್ತು ಇಳಿಸಿದ್ರ ನನ್ನ ಕೈನೂ ನಡಗತೈತಿ. ನನಗೂ ಅದೇ ಬಂತೇನ್ರಿ?” ನಾನು ಕೃಷಿ ಕಲಿತವನು, ವೈದ್ಯನಲ್ಲ. ಆದರೂ ಈ ಅಂಜಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಕೊರಗುವವರು ನಮ್ಮ ಹಳ್ಳಿಗಳಲ್ಲಿ ಇರುವದರಿಂದ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಂಪವಾತಕ್ಕೆ ಡಾಕ್ಟರರು ಪಾರ್ಕಿನ್ಸನ್ ಬೇನೆ ಎನ್ನುತ್ತಾರೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಅವರು 1817ರಲ್ಲಿ ಇದನ್ನು ವರ್ಣಿಸಿ ಬರೆದರು. ಮಿದುಳಿನ ಬುಡದಲ್ಲಿ ಡೋಪಮಿನ್ ಎಂಬ ರಸ ತಯಾರಿಸುವ ಜೀವಕೋಶಗಳು ಮೆಲ್ಲಮೆಲ್ಲಗೆ ನಶಿಸುವದರಿಂದ ಮೈಯ ಚಲನೆ ನಿಧಾನವಾಗುವದು. 60 ದಾಟಿದ 100 ಜನರಲ್ಲಿ ಸುಮಾರು ಒಬ್ಬರಿಗೆ ಇದು ಇರುವದು.

ಮೊದಲು ಅನುವಂಶಿಕತೆಯ ಮಾತು. ಕಾಡಿಗೆ ರೋಗ ಹತ್ತಿದ ಕಬ್ಬಿನ ತುಂಡನ್ನು ಬೀಜಕ್ಕೆ ಹಚ್ಚಿದರೆ ರೋಗವೂ ಜೊತೆಗೇ ಬರುವದೆಂದು ನಮಗೆಲ್ಲ ಗೊತ್ತು. ಅದೇ ಲೆಕ್ಕವನ್ನು ಮನೆತನಕ್ಕೂ ಹಚ್ಚುವದು ನಮ್ಮ ರೂಢಿ. ಆದರೆ ಕಬ್ಬಿನ ತುಂಡು ಎಂದರೆ ಹಳೆಯ ಕಬ್ಬಿನ ಮೈಯ ತುಣುಕೇ. ಮಗ ಹಾಗೆ ತಂದೆಯ ತುಣುಕಲ್ಲ. ಕಂಪವಾತವಾದ ಹೆಚ್ಚಿನವರ ಮನೆತನದಲ್ಲಿ ಮತ್ತಾರಿಗೂ ಅದು ಇರುವದಿಲ್ಲ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರುವ ಸಂಭವ ಉಳಿದವರಿಗಿಂತ ಎರಡು-ಮೂರು ಪಟ್ಟು ಹೆಚ್ಚು ಎನ್ನುವರು. ಸಣ್ಣದರ ಎರಡು-ಮೂರು ಪಟ್ಟು ಸಣ್ಣದಾಗಿಯೇ ಉಳಿಯುವದನ್ನು ಲಕ್ಷ್ಯದಲ್ಲಿಡಬೇಕು. ನೇರವಾಗಿ ಮನೆತನದಲ್ಲಿ ಇಳಿದು ಬರುವ ಬಗೆಗಳೂ ಉಂಟು, ಆದರೆ ವಿರಳ. 40ರ ಒಳಗೇ ಬೇನೆ ಶುರುವಾಗಿದ್ದರೆ, ಒಂದೇ ಮನೆಯಲ್ಲಿ ಹಲವರಿಗೆ ಇದ್ದರೆ, ಅಥವಾ ತಂದೆತಾಯಿಗಳದು ಸೋದರ ಸಂಬಂಧದ ಮದುವೆಯಾಗಿದ್ದರೆ ಆ ಸಂಗತಿಯನ್ನು ಡಾಕ್ಟರರಿಗೆ ತಪ್ಪದೆ ಹೇಳಬೇಕು.

ಇನ್ನು ನಡುಕ. 16 ಲೀಟರಿನ ಪಂಪನ್ನು ಬೆನ್ನ ಮೇಲೆ ಹೊತ್ತು ಮಧ್ಯಾಹ್ನದವರೆಗೆ ತಿರುಗಿದವನ ಕೈ ನಡುಗದಿದ್ದರೆ ಅದೇ ಆಶ್ಚರ್ಯ. ಹಸಿವೆ, ನಿದ್ದೆಗೆಡುವದು, ಮೇಲಿಂದ ಮೇಲೆ ಚಹಾ, ಥೈರಾಯ್ಡ್ ಹೆಚ್ಚಾಗುವದು, ದಮ್ಮಿನ ಔಷಧಿ, ಕುಡಿತವನ್ನು ಒಮ್ಮೆಲೇ ಬಿಟ್ಟದ್ದು, ಇವೆಲ್ಲವೂ ಕೈ ನಡುಗಿಸುವವು. ಅಂಜಿಕೆಯೂ ನಡುಗಿಸುತ್ತದೆ. ರಾತ್ರಿ ದೀಪದ ಮುಂದೆ ಕೈ ಚಾಚಿ ನೋಡಿಕೊಳ್ಳುತ್ತ ಕೂತರೆ ಎಂಥವನ ಬೆರಳೂ ಅಲುಗಾಡುವದು.

ಕಂಪವಾತದ ನಡುಕದ ರೀತಿಯೇ ಬೇರೆ. ಕೈ ತೊಡೆಯ ಮೇಲೆ ಸುಮ್ಮನೆ ಇದ್ದಾಗ ನಡುಗುವದು, ತಂಬಿಗೆ ಎತ್ತಲು ಹೋದರೆ ಕಡಿಮೆಯಾಗುವದು. ಹೆಚ್ಚಾಗಿ ಒಂದೇ ಕೈಯಲ್ಲಿ ಆರಂಭ. ಹೆಬ್ಬೆರಳು-ತೋರುಬೆರಳಿನ ನಡುವೆ ಗುಳಿಗೆ ಹೊರಳಿಸಿದಂತೆ ಕಾಣುವದು. ಇದಕ್ಕೆ ವಿರುದ್ಧವಾಗಿ, ಚಹಾದ ಬಸಿ ಎತ್ತಿದಾಗಲೇ ಎರಡೂ ಕೈ ನಡುಗುವ ಇನ್ನೊಂದು ಬೇನೆಯಿದೆ. ಅದು ಕಂಪವಾತಕ್ಕಿಂತ ಹೆಚ್ಚು ಜನರಲ್ಲಿದೆ. ಮನೆತನದಲ್ಲಿ ಇಳಿದು ಬರುವದೂ ಅದರಲ್ಲೇ ಹೆಚ್ಚು. “ನಮ್ಮ ಮನೆಯಲ್ಲಿ ಮೂವರಿಗೆ ಕಂಪವಾತ” ಎನ್ನುವ ಕಡೆ ನಿಜವಾಗಿ ಇರುವದು ಎಷ್ಟೋ ಸಲ ಇದೇ.

ನಡುಕಕ್ಕಿಂತ ನಿಧಾನವೇ ಕಂಪವಾತದ ಮುಖ್ಯ ಗುರುತು. ಕೆಲವು ರೋಗಿಗಳಲ್ಲಿ ನಡುಕ ಇರುವದೇ ಇಲ್ಲ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುವದು, ನಡೆಯುವಾಗ ಒಂದು ಕೈ ಬೀಸದಿರುವದು, ಕಾಲು ಎಳೆಯುವದು, ದನಿ ಸಣ್ಣದಾಗುವದು, ಇವು ತಿಂಗಳುಗಟ್ಟಲೆ ಬೆಳೆಯುತ್ತ ಹೋಗುವವು. ಅಕ್ಷರವೂ ಸಣ್ಣದಾಗುವದು. ಕಬ್ಬಿನ ನೋಂದಣಿ ಅರ್ಜಿಗೆ ವರ್ಷವರ್ಷವೂ ಸಹಿ ಮಾಡುತ್ತೀರಿ. ಹಳೆಯ ನಕಲುಗಳು ಮನೆಯಲ್ಲಿದ್ದರೆ ಸಾಲಾಗಿ ಇಟ್ಟು ನೋಡಿರಿ. ಸಹಿ ಬರಬರುತ್ತ ಕುಗ್ಗಿ ಇರುವೆ ಸಾಲಿನಂತಾಗಿದ್ದರೆ ಡಾಕ್ಟರರಿಗೆ ಅದು ಉಪಯೋಗದ ಸಾಕ್ಷಿ. ವಾಸನೆ ತಿಳಿಯದಿರುವದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಝಾಡಿಸುವದು, ಇವೂ ಮುಂಚಿತವಾಗಿ ಕಾಣುವ ಲಕ್ಷಣಗಳೇ. ಆದರೆ ಇವು ಬೇನೆ ಇಲ್ಲದವರಲ್ಲೂ ಬೇಕಾದಷ್ಟು ಇವೆ. ಇದನ್ನು ಓದಿ ಇಂದೇ ಒಗ್ಗರಣೆಯ ಮುಂದೆ ಮೂಗು ಹಿಡಿದು ಪರೀಕ್ಷೆಗೆ ನಿಲ್ಲಬೇಡಿರಿ.

ಕೈಕಾಲು ಜುಮುಗುಡುವದನ್ನೂ ಕಂಪವಾತದ ಲೆಕ್ಕಕ್ಕೆ ಹಾಕುವವರಿದ್ದಾರೆ. ಅದರ ಕಾರಣಗಳು ಬಹುತೇಕ ಬೇರೆ. ಸಕ್ಕರೆ ಬೇನೆಯಲ್ಲಿ ಪಾದ ಜೋಮು ಹಿಡಿಯುವದು. ಮಾಂಸಾಹಾರವಿಲ್ಲದ, ಹಾಲು-ಮೊಸರೂ ಕಡಿಮೆಯಿರುವ ಮನೆಗಳಲ್ಲಿ ಬಿ-12 ಜೀವಸತ್ವದ ಕೊರತೆಯಿಂದ ಹಾಗಾಗುವದು. ರಕ್ತ ಪರೀಕ್ಷೆಯಿಂದ ತಿಳಿದು, ಚುಚ್ಚುಮದ್ದಿನಿಂದ ಗುಣವಾಗುವ ಸಂಗತಿ, ತಡ ಮಾಡಬಾರದು. ಕಳೆ ತೆಗೆಯುವ, ಹಾಲು ಹಿಂಡುವ ಹೆಣ್ಣುಮಕ್ಕಳಿಗೆ ರಾತ್ರಿ ಬೆರಳು ಜುಮುಗುಟ್ಟಿ ಎಚ್ಚರವಾಗುವದು ಮಣಿಕಟ್ಟಿನ ನರ ಒತ್ತುವದರಿಂದ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್ ಗುಳಿಗೆಗಳನ್ನು ಬಹಳ ದಿನ ನುಂಗಿದರೆ ಕಂಪವಾತದಂಥ ಬಿಗಿತ, ನಡುಕ ಬರಬಹುದು. ಡಾಕ್ಟರರು ಅವನ್ನು ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಇಳಿಯುವವು.

ನಮ್ಮ ಇಲಾಖೆಗೆ ಹತ್ತಿರದ ಪ್ರಶ್ನೆ ಔಷಧಿ ಸಿಂಪರಣೆಯದು. 1982ರಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಿಂದ ತಯಾರಿಸಿದ ಮಾದಕ ವಸ್ತುವನ್ನು ಚುಚ್ಚಿಕೊಂಡ ಕೆಲವು ತರುಣರು ಕೆಲವೇ ದಿನಗಳಲ್ಲಿ ಕಂಪವಾತದ ಮುದುಕರಂತೆ ಮರಗಟ್ಟಿದರು. ಅದರಲ್ಲಿ ಬೆರೆತಿದ್ದ ಎಂ.ಪಿ.ಟಿ.ಪಿ. ಎಂಬ ವಸ್ತು ದೇಹದಲ್ಲಿ ಮಾರ್ಪಟ್ಟು ವಿಷವಾಗಿತ್ತು. ಆ ವಿಷದ ರಚನೆ ಹುಲ್ಲು ಸುಡುವ ಪ್ಯಾರಾಕ್ವಾಟ್ ಔಷಧಿಯನ್ನು ಹೋಲುವದು. ಅಮೇರಿಕೆಯ ಆಯೋವಾ ಮತ್ತು ಉತ್ತರ ಕ್ಯಾರೊಲಿನಾದ ಸಿಂಪರಣೆದಾರರನ್ನು ಪರಿಶೀಲಿಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಬಳಸಿದವರಲ್ಲಿ ಕಂಪವಾತ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. ಮುಂದಿನ ವಿಶ್ಲೇಷಣೆಯಲ್ಲಿ ಕೈಗವಸು ಹಾಕದವರಲ್ಲೇ ಆ ಸಂಬಂಧ ಎದ್ದು ಕಂಡಿತು. ಆದುದರಿಂದ ಮನೆಯಲ್ಲಿ ಕಂಪವಾತವಿರಲಿ ಬಿಡಲಿ, ಬದುವಿನ ಹುಲ್ಲಿಗೆ ಪ್ಯಾರಾಕ್ವಾಟ್ ಬೇಡ, ಕುಡಗೋಲು ಸಾಕು ಎಂಬುದು ನನ್ನ ಅಭಿಪ್ರಾಯ. ಬೇರೆ ಯಾವ ಔಷಧಿಯನ್ನೂ ಬರಿಗೈಯಿಂದ ಕಲಸಬೇಡಿರಿ.

ಕೀಟನಾಶಕ ಹೊಡೆದ ದಿನವೇ ಬೆವರು, ಜೊಲ್ಲು, ವಾಂತಿ, ಮಾಂಸಖಂಡ ಪಟಪಟನೆ ಅದುರುವದು, ಕಣ್ಣು ಮಂಜಾಗುವದು ಕಂಡರೆ ಅದು ವಿಷಬಾಧೆ. ಕಂಪವಾತವೋ ಅಲ್ಲವೋ ಎಂದು ವಿಚಾರ ಮಾಡುತ್ತ ಕೂಡ್ರುವ ಹೊತ್ತಲ್ಲ. ಬಟ್ಟೆ ಕಳಚಿ, ಸಾಬೂನಿನಿಂದ ಮೈ ತೊಳೆದು, ಕೂಡಲೇ ದವಾಖಾನೆಗೆ ಒಯ್ಯಬೇಕು.

ಅಂಜಿಕೆಯಿಂದ ಕೆಲವರು ಬೇನೆಗಿಂತ ಕೆಟ್ಟ ಕೆಲಸ ಮಾಡುತ್ತಾರೆ. ಅಪ್ಪನ ಲೆವೊಡೋಪಾ ಗುಳಿಗೆಯನ್ನು ಮಗ ಕದ್ದು ನುಂಗಿ ನೋಡುವದು ಅಂಥದೊಂದು. ಹೀಗೆ ಗುಳಿಗೆ ತೀರಿ ಅಪ್ಪನಿಗೆ ಒಮ್ಮೆಲೇ ತಪ್ಪಿದರೆ ಮೈ ಸೆಟೆದು, ಜ್ವರವೇರಿ, ಜೀವಕ್ಕೇ ಅಪಾಯವಾಗಬಹುದು. ನಸುಗುನ್ನಿಯ ಬೀಜದಲ್ಲಿಯೂ ಇದೇ ಲೆವೊಡೋಪಾ ಇದೆ ನಿಜ. ಮನೆಯಲ್ಲಿ ಕುಟ್ಟಿದ ಪುಡಿಯಲ್ಲಿ ಎಷ್ಟಿದೆಯೆಂದು ಅಳೆಯುವವರಾರು? ಮಗಳ ಸಂಬಂಧ ತಪ್ಪೀತೆಂದು ಅಪ್ಪನನ್ನು ಒಳಕೋಣೆಯಲ್ಲಿ ಕೂಡ್ರಿಸಿ ಔಷಧಿಯನ್ನೇ ಕೊಡಿಸದ ಮನೆಗಳೂ ಇವೆ. ಲೆವೊಡೋಪಾದಿಂದ ಎಷ್ಟೋ ಜನ ವರ್ಷಗಟ್ಟಲೆ ತಮ್ಮ ಕೆಲಸ ತಾವೇ ಮಾಡಿಕೊಂಡಿರುತ್ತಾರೆ.

ಸಂಶಯವಿದ್ದವರು ಸೋಲಾಪುರಕ್ಕೋ ಮಿರಜಿಗೋ ಹೋಗಿ ನರರೋಗದ ಡಾಕ್ಟರರಿಗೆ ಒಂದು ಸಲ ತೋರಿಸಿರಿ. ಈ ಬೇನೆಯನ್ನು ಗುರುತಿಸುವದು ಮುಖ್ಯವಾಗಿ ನಡೆಸಿ, ಬರೆಸಿ, ಬೆರಳು ಆಡಿಸಿ ನೋಡುವದರಿಂದ. ಎಂ.ಆರ್.ಐ. ಬೇರೆ ಬೇನೆ ಇದೆಯೇ ಎಂದು ನೋಡಲು ಉಪಯೋಗ, ಆದುದರಿಂದ ಡಾಕ್ಟರರು ಹೇಳದೆ ಅದಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿರಿ. ಹೋಗುವಾಗ ಅಪ್ಪನಿಗೆ ಯಾವ ವಯಸ್ಸಿಗೆ ಶುರುವಾಯಿತೆಂದು ಬರೆದುಕೊಂಡು ಹೋಗಿರಿ. ನೀವು ನುಂಗುವ ಗುಳಿಗೆಗಳ ಕಾಗದ, ಹಳೆಯ ಸಹಿಯ ನಕಲು ಜೊತೆಗಿರಲಿ. ಹೊಡೆಯುವ ಔಷಧಿಯ ಹೆಸರು ನೆನಪಿಲ್ಲದಿದ್ದರೆ ಡಬ್ಬಿಯ ಮೇಲಿನ ಚೀಟಿಯ ಫೋಟೋ ತೆಗೆದುಕೊಂಡು ಹೋದರೆ ಸಾಕು.