ಕ್ಲಾಸಿಕ್ ಕಾರಿನ ತಳಭಾಗದ ಬಣ್ಣಲೇಪನ

ಕ್ಲಾಸಿಕ್ ಕಾರಿನ ತಳಭಾಗದ ಬಣ್ಣಲೇಪನ ಎಂದರೆ ಹಳೆಯ ಕಾರೊಂದನ್ನು ಜೀರ್ಣೋದ್ಧಾರ ಮಾಡುವಾಗ ಅದರ ನೆಲದ ತಗಡು, ಚಾಸಿ, ಚಕ್ರಗಳ ಮೇಲಿನ ಕಮಾನಿನ ಒಳಮೈ ಹಾಗೂ ಸಸ್ಪೆನ್ಷನ್ ಭಾಗಗಳಿಗೆ ರಕ್ಷಣೆಗಾಗಿ ಬಳಿಯುವ ಪದರಗಳ ಒಟ್ಟು ವ್ಯವಸ್ಥೆ. ಹೊರಮೈಯ ಬಣ್ಣ ಮುಖ್ಯವಾಗಿ ನೋಟಕ್ಕೆ ಸಂಬಂಧಿಸಿದ್ದು. ತಳಭಾಗದ ಲೇಪನವಾದರೋ ಕಾರಿನ ಆಯುಷ್ಯಕ್ಕೆ ಮತ್ತು ಪ್ರಯಾಣಿಕರ ಸುರಕ್ಷತೆಗೆ ಸಂಬಂಧಿಸಿದ್ದು. ಉತ್ತಮ ಲೇಪನವು ನೀರು ಲೋಹವನ್ನು ತಲುಪದಂತೆ ತಡೆಯಬೇಕು. ಅಷ್ಟೇ ಮುಖ್ಯವಾಗಿ, ಮುಂದೆಂದಾದರೂ ತುಕ್ಕು ಹುಟ್ಟಿದರೆ ಅದು ಕಣ್ಣಿಗೆ ಕಾಣುವಂತಿರಬೇಕು. ಈ ಎರಡನೆಯ ಗುಣವನ್ನು ಕಡೆಗಣಿಸುವುದರಿಂದಲೇ ಅನೇಕ ಜೀರ್ಣೋದ್ಧಾರಗಳು ಕೆಲವೇ ವರ್ಷಗಳಲ್ಲಿ ವ್ಯರ್ಥವಾಗುತ್ತವೆ.

ತಳಭಾಗದ ರಚನೆ

ಲೇಪನದ ಆಯ್ಕೆಗೆ ಮೊದಲು ಕಾರಿನ ರಚನೆಯನ್ನು ತಿಳಿಯಬೇಕಾಗುತ್ತದೆ. ಭಾರತದಲ್ಲಿ ಹೆಚ್ಚಾಗಿ ಜೀರ್ಣೋದ್ಧಾರಕ್ಕೆ ಬರುವ ಎರಡು ಕಾರುಗಳು, ಅಂದರೆ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ತಯಾರಾದ ಹಿಂದೂಸ್ತಾನ್ ಅಂಬಾಸಿಡರ್ ಮತ್ತು ಫಿಯೆಟ್ 1100 ಮಾದರಿಯಿಂದ ಬಂದ ಪ್ರೀಮಿಯರ್ ಪದ್ಮಿನಿ, ಪ್ರತ್ಯೇಕ ಚಾಸಿ ಇಲ್ಲದವು. ಇವುಗಳಲ್ಲಿ ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಸಿಲ್ ಎಂಬ ಪೊಳ್ಳು ತೊಲೆ ಮತ್ತು ಮಡಿಸಿದ ತಗಡಿನ ಅಡ್ಡಪಟ್ಟಿಗಳು ಒಟ್ಟಾಗಿ ಕಾರಿನ ಭಾರವನ್ನು ಹೊರುತ್ತವೆ. ಆದ್ದರಿಂದ ಇಲ್ಲಿ ತುಕ್ಕು ಹಿಡಿದ ನೆಲವೆಂದರೆ ತೂತು ಬಿದ್ದ ನೆಲವಷ್ಟೇ ಅಲ್ಲ, ದುರ್ಬಲವಾದ ಕಾರು. ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಮಹೀಂದ್ರ ಜೀಪುಗಳಲ್ಲಿ ದೇಹವನ್ನು ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟ್ ಮಾಡಲಾಗಿರುತ್ತದೆ. ಚಾಸಿಯನ್ನು ಬಿಚ್ಚಿ ಹೊರತೆಗೆದು ಎಲ್ಲ ಮುಖಗಳಿಗೂ ಲೇಪಿಸಲು ಸಾಧ್ಯವಿರುವುದರಿಂದ ಅಲ್ಲಿ ಆಯ್ಕೆಗಳು ಹೆಚ್ಚು.

ತುಕ್ಕು ಮೊದಲು ಕಾಣಿಸಿಕೊಳ್ಳುವುದು ಕೆಸರು ನಿಲ್ಲುವ ಜಾಗಗಳಲ್ಲಿ: ಚಕ್ರದ ಕಮಾನಿನ ಅಂಚು, ಸಿಲ್‌ನ ಎರಡು ತುದಿಗಳು, ಜ್ಯಾಕ್ ಕೊಡುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್‌ಗಳ ಕೊಂಡಿ. ಒಳಗೆ ಹಾಸಿದ ರಬ್ಬರ್ ಮ್ಯಾಟಿನ ಅಡಿಯಲ್ಲಿ ನೀರು ನಿಂತು ಮೇಲಿನಿಂದ ಕೆಳಕ್ಕೆ ತಗಡು ಕೊಳೆಯುವುದೂ ಸಾಮಾನ್ಯ. ಇದನ್ನು ಕೆಳಗಿನ ಯಾವ ಲೇಪನವೂ ತಡೆಯಲಾರದು.

ಹವಾಮಾನದ ಪ್ರಭಾವ

ಶೀತ ದೇಶಗಳಲ್ಲಿ ಚಳಿಗಾಲದ ಮಂಜನ್ನು ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಿಂದ ಕಾರಿನ ತಳಭಾಗ ಬೇಗ ಕೆಡುತ್ತದೆ. ದಪ್ಪನೆಯ ತಳಲೇಪನದ ರೂಢಿ ಬೆಳೆದುದರ ಹಿಂದೆ ಈ ಉಪ್ಪೂ ಒಂದು ಮುಖ್ಯ ಕಾರಣ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ರಸ್ತೆಯ ಉಪ್ಪೂ ಇಲ್ಲ, ಕಡಲ ಗಾಳಿಯೂ ಇಲ್ಲ. ಇಲ್ಲಿನ ವಾರ್ಷಿಕ ಮಳೆ 1,000 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚು ಸುರಿಯುತ್ತದೆ. ಮಂಗಳೂರಿನಲ್ಲಿ ಇದರ ಮೂರು ಪಟ್ಟಿಗೂ ಹೆಚ್ಚು ಮಳೆಯಾಗುತ್ತದೆ; ಜೊತೆಗೆ ಗಾಳಿಯಲ್ಲಿ ಉಪ್ಪಿನಂಶವಿರುತ್ತದೆ. ಕರಾವಳಿಯಲ್ಲಿ ಬಹುಕಾಲ ಓಡಿದ ಕಾರನ್ನು ಬೆಂಗಳೂರಿಗೆ ತಂದು ಜೀರ್ಣೋದ್ಧಾರ ಮಾಡುವಾಗ ತಗಡಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದ ಉಪ್ಪನ್ನು ಸಿಹಿನೀರಿನಿಂದ ಪೂರ್ತಿ ತೊಳೆದು, ಒಣಗಿಸದೆ ಲೇಪಿಸಿದರೆ ಬಣ್ಣದ ಕೆಳಗೆ ಗುಳ್ಳೆಗಳೇಳುತ್ತವೆ.

ಬಸವೇಶ್ವರನಗರ, ರಾಜಾಜಿನಗರ, ವಿಜಯನಗರದಂತಹ ಬಡಾವಣೆಗಳಲ್ಲಿ ತೊಂದರೆಯ ಸ್ವರೂಪವೇ ಬೇರೆ. 30×40 ಅಡಿ ನಿವೇಶನದ ಮನೆಗಳಲ್ಲಿ ಕಾರು ಬಹುತೇಕ ರಸ್ತೆಬದಿಯ ಮರದ ಕೆಳಗೋ ಗಾಳಿಯಾಡದ ನೆಲಮಾಳಿಗೆಯಲ್ಲೋ ನಿಂತಿರುತ್ತದೆ. ಕ್ಲಾಸಿಕ್ ಕಾರು ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ತರಗೆಲೆ ಮತ್ತು ಕೆಸರು ಸೇರಿದ ಮುದ್ದೆ ಕಮಾನಿನೊಳಗೆ ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ದಿನವೂ ಬಕೆಟ್ ನೀರು ಸುರಿದು ತೊಳೆಯುವ ಅಭ್ಯಾಸ ಇದಕ್ಕೆ ಇನ್ನಷ್ಟು ನೆರವಾಗುತ್ತದೆ. ಹೀಗಾಗಿ ಬೆಂಗಳೂರಿನ ಕಾರಿಗೆ ಬೇಕಾದುದು ಉಪ್ಪನ್ನು ತಡೆಯುವ ದಪ್ಪ ಕವಚಕ್ಕಿಂತ ಸುಲಭವಾಗಿ ತೊಳೆದು ಒಣಗಿಸಬಹುದಾದ ನಯವಾದ ಮೇಲ್ಮೈ.

ಮೇಲ್ಮೈಯ ಸಿದ್ಧತೆ

ಲೇಪನ ಎಷ್ಟೇ ಬೆಲೆಬಾಳಲಿ, ಅದು ಬಾಳುವುದು ಕೆಳಗಿನ ಲೋಹದ ಶುಚಿತ್ವಕ್ಕೆ ತಕ್ಕಂತೆ. ಮೊದಲು ಗ್ರೀಸ್ ಮತ್ತು ಎಂಜಿನ್ ಎಣ್ಣೆಯನ್ನು ತೊಳೆದು, ಬಳಿಕ ಹಳೆಯ ಲೇಪನವನ್ನು ಕೆರೆದು ತೆಗೆಯಲಾಗುತ್ತದೆ. ಎಣ್ಣೆ ಇರುವಾಗಲೇ ಉಜ್ಜಿದರೆ ಅದು ತಗಡಿನ ಗೀರುಗಳೊಳಗೆ ಹರಡುತ್ತದೆ. ಚಾಸಿಯಂತಹ ದಪ್ಪ ಉಕ್ಕಿಗೆ ಒತ್ತಡದ ಗಾಳಿಯೊಂದಿಗೆ ಹರಳು ಸಿಡಿಸುವ ಬ್ಲಾಸ್ಟಿಂಗ್ ಅತ್ಯುತ್ತಮ ವಿಧಾನ. ತೆಳುವಾದ ನೆಲದ ತಗಡಿಗೆ ಇದನ್ನು ಹೆಚ್ಚಿನ ಒತ್ತಡದಲ್ಲಿ ಪ್ರಯೋಗಿಸಿದರೆ ತಗಡು ಸೊಟ್ಟಗಾಗುತ್ತದೆ. ಸಾಮಾನ್ಯ ಮರಳನ್ನು ಬಳಸಿದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುವುದರಿಂದ ಗಾರ್ನೆಟ್ ಅಥವಾ ಅಲ್ಯೂಮಿನಾ ಹರಳನ್ನು ಬಳಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯೂ ಇದೆ. ಮನೆಯ ಅಂಗಳದಲ್ಲಿ, ಮಕ್ಕಳು ಓಡಾಡುವ ಕಡೆ ಅದನ್ನು ಒಣದಾಗಿ ಉಜ್ಜುವುದು ಸಲ್ಲದು.

ಬರಿದಾದ ಉಕ್ಕು ಆರ್ದ್ರ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗತೊಡಗುತ್ತದೆ. ಆದ್ದರಿಂದ ಪ್ರೈಮರನ್ನು ಅಂದೇ ಬಳಿಯಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 85ಕ್ಕಿಂತ ಕಡಿಮೆಯಿದ್ದು, ಲೋಹದ ಉಷ್ಣತೆಯು ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಲೇಪನ ಉದ್ಯಮದಲ್ಲಿ ಪಾಲಿಸುವ ನಿಯಮ. ಬೆಂಗಳೂರಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳು ಇದಕ್ಕೆ ಸೂಕ್ತ. ಫಾಸ್ಫಾರಿಕ್ ಆಮ್ಲವಿರುವ ತುಕ್ಕು ಪರಿವರ್ತಕಗಳು ತೆಳುವಾದ ಉಳಿಕೆ ತುಕ್ಕಿಗಷ್ಟೇ ಪ್ರಯೋಜನಕಾರಿ. ಪದರ ಪದರವಾಗಿ ಏಳುವ ತುಕ್ಕಿನ ಮೇಲೆ ಅವನ್ನು ಬಳಿದರೆ ಮೇಲಿನ ಪದರ ಮಾತ್ರ ಕಪ್ಪಾಗುತ್ತದೆ, ಅಡಿಯಲ್ಲಿ ಕೆಲಸ ಮುಂದುವರಿಯುತ್ತದೆ. ಅಂತಹ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವುದೇ ದಾರಿ. ಪುಟ್ಟಿ ಮೆತ್ತಿ ಮುಚ್ಚುವುದು ದುರಸ್ತಿಯಲ್ಲ.

ಲೇಪನದ ಬಗೆಗಳು

ರೆಡ್ ಆಕ್ಸೈಡ್ ಪ್ರೈಮರ್ ಮತ್ತು ಅದರ ಮೇಲೆ ಕಪ್ಪು ಸಿಂಥೆಟಿಕ್ ಎನಾಮೆಲ್ ಬಳಿಯುವುದು ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಮತ್ತು ಅಗ್ಗದ ವಿಧಾನ. ಕಿಟಕಿಯ ಸರಳಿಗೆ ಬಳಿಯುವ ಈ ಪ್ರೈಮರ್ ನೀರಿನ ಆವಿಯನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಕಲ್ಲಿನ ಏಟಿಗೆ ಬೇಗ ಸಿಡಿಯುತ್ತದೆ. ಆದರೂ ಇದಕ್ಕೊಂದು ಹಿರಿಮೆಯುಂಟು. ಸಿಡಿದ ಜಾಗ ಕೂಡಲೇ ಕಾಣುತ್ತದೆ ಮತ್ತು ಕುಂಚದಿಂದಲೇ ಸರಿಪಡಿಸಬಹುದು.

ಎರಡು ಭಾಗಗಳನ್ನು ಬೆರೆಸಿ ಬಳಿಯುವ ಎಪಾಕ್ಸಿ ಪ್ರೈಮರ್ ಇಂದು ಬರಿಯ ಉಕ್ಕಿಗೆ ಅತ್ಯಂತ ವಿಶ್ವಾಸಾರ್ಹವೆಂದು ಪರಿಗಣಿತವಾಗಿದೆ. ಇದು ಲೋಹಕ್ಕೆ ಬಿಗಿಯಾಗಿ ಅಂಟುತ್ತದೆ ಮತ್ತು ನೀರನ್ನು ಸುಲಭವಾಗಿ ಒಳಬಿಡುವುದಿಲ್ಲ. ಬಿಸಿಲಿಗೆ ಸೀಮೆಸುಣ್ಣದಂತೆ ಪುಡಿಯಾಗುವುದು ಇದರ ದೋಷ. ತಳಭಾಗಕ್ಕೆ ಬಿಸಿಲು ತಾಗುವುದು ಕಡಿಮೆಯಾದರೂ ಮೇಲೊಂದು ಪಾಲಿಯುರಿಥೇನ್ ಪದರವನ್ನು ಹಾಕಲಾಗುತ್ತದೆ. ಎರಡು ಭಾಗಗಳ ಪಾಲಿಯುರಿಥೇನ್ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುವುದರಿಂದ ಸಿಂಪಡಿಸುವಾಗ ಬಟ್ಟೆಯ ಮುಸುಕು ಸಾಲದು, ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡ ಬೇಕು. ಗಾಳಿಯ ತೇವದಿಂದಲೇ ಗಟ್ಟಿಯಾಗುವ ಒಂದೇ ಭಾಗದ ಯುರಿಥೇನ್ ಲೇಪನಗಳೂ ಇವೆ. ಅವು ಒರಟಾದ ಮೇಲ್ಮೈಗೆ ಚೆನ್ನಾಗಿ ಅಂಟುತ್ತವೆ, ನುಣುಪಾದ ಹೊಸ ತಗಡಿನಿಂದ ಹಾಳೆಯಂತೆ ಎದ್ದುಬರಬಹುದು.

ಪೌಡರ್ ಕೋಟಿಂಗ್ ಬಿಚ್ಚಿ ತೆಗೆಯಬಹುದಾದ ಭಾಗಗಳಿಗೆ ಮಾತ್ರ ಸೂಕ್ತ. ಭಾಗವನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಬೇಯಿಸಬೇಕಾಗುವುದರಿಂದ ರಬ್ಬರ್ ಬುಷ್‌ಗಳನ್ನು ಮೊದಲೇ ತೆಗೆಯಬೇಕು. ಪೀಣ್ಯ ಮತ್ತು ಕಾಮಾಕ್ಷಿಪಾಳ್ಯದ ಕೈಗಾರಿಕಾ ಪ್ರದೇಶಗಳಲ್ಲಿ ಇಂತಹ ಘಟಕಗಳಿರುವುದರಿಂದ ಪಶ್ಚಿಮ ಬೆಂಗಳೂರಿನವರಿಗೆ ಈ ವಿಧಾನ ಸುಲಭವಾಗಿ ಕೈಗೆಟಕುತ್ತದೆ, ಆಕರ್ಷಕವೂ ಹೌದು. ಆದರೆ ಕಲ್ಲು ಬಡಿದು ಈ ಗಟ್ಟಿ ಪದರ ಬಿರುಕುಬಿಟ್ಟರೆ ನೀರು ಅದರಡಿಯಲ್ಲಿ ತೆವಳುತ್ತದೆ. ಹೊರಗಿನಿಂದ ಹೊಳಪು ಹಾಗೆಯೇ ಇರುತ್ತದೆ. ಕೆಳಗೆ ಎಪಾಕ್ಸಿ ಪೌಡರ್ ಪ್ರೈಮರ್ ಇದ್ದರೆ ಈ ಅಪಾಯ ಕಡಿಮೆ. ಸ್ಪ್ರಿಂಗ್‌ಗಳನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿ ಶುಚಿಗೊಳಿಸಬಾರದು. ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅವು ಓಡುವಾಗಲೇ ಮುರಿಯುವ ಸಂಭವವಿದೆ.

ದಪ್ಪ ಕಪ್ಪು ಲೇಪನದ ಸಮಸ್ಯೆ

ಗ್ಯಾರೇಜುಗಳಲ್ಲಿ ‘ಅಂಡರ್‌ಬಾಡಿ ಕೋಟಿಂಗ್’ ಎಂದು ಕರೆಯುವ ಡಾಂಬರು ಅಥವಾ ರಬ್ಬರ್ ಮಿಶ್ರಿತ ಲೇಪನವು ಕಲ್ಲಿನ ಏಟನ್ನು ಹೀರಿಕೊಳ್ಳುತ್ತದೆ, ರಸ್ತೆಯ ಸದ್ದನ್ನು ತಗ್ಗಿಸುತ್ತದೆ. ಕಾರ್ಖಾನೆಯಲ್ಲೇ ವಿದ್ಯುತ್ ಸಂಚಯನದಿಂದ ಪ್ರೈಮರ್ ಪಡೆದ ಹೊಸ ಕಾರಿಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಹಳೆಯ ಕಾರಿನ ಮಾತು ಬೇರೆ. ಕಾಲ ಕಳೆದಂತೆ ಡಾಂಬರು ಒಣಗಿ ಬಿರಿಯುತ್ತದೆ, ಅಂಚುಗಳು ಲೋಹದಿಂದ ಬಿಡುತ್ತವೆ. ಕೂದಲೆಳೆಯಷ್ಟು ಸಂದಿಯೊಳಗೆ ನೀರು ಸೇರಿದರೆ ಅದು ಹೊರಬರಲು ದಾರಿಯಿಲ್ಲ. ಆ ಸಂದಿಯೊಳಗೆ ಆಮ್ಲಜನಕ ಕಡಿಮೆಯಿರುವುದರಿಂದ ಸಂದಿಯೊಳಗಿನ ಲೋಹ ಮತ್ತು ಹೊರಗಿನ ಲೋಹದ ನಡುವೆ ಸಣ್ಣ ವಿದ್ಯುತ್ಕೋಶವೊಂದು ಏರ್ಪಟ್ಟು ಒಳಗಿನ ಉಕ್ಕು ಇನ್ನೂ ಬೇಗ ಸವೆಯುತ್ತದೆ. ತುಕ್ಕು ತಾನು ಹುಟ್ಟಿದ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುವುದರಿಂದ ಲೇಪನವನ್ನು ಇನ್ನಷ್ಟು ಎತ್ತುತ್ತದೆ. ಇಷ್ಟೆಲ್ಲ ನಡೆಯುತ್ತಿದ್ದರೂ ಕೆಳಗೆ ಬಗ್ಗಿ ನೋಡುವವನಿಗೆ ಕಾಣುವುದು ಒಂದೇ ಸಮನಾದ ಕಪ್ಪು.

ಇದೇ ಕಾರಣಕ್ಕೆ ಹಳೆಯ ಕಾರು ಕೊಳ್ಳುವವರು ಹೊಸದಾಗಿ ಬಳಿದ ದಪ್ಪ ಲೇಪನವನ್ನು ಗುಣವೆಂದಲ್ಲ, ಪ್ರಶ್ನೆಯೆಂದು ನೋಡಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ; ಕೊಳೆತದ್ದು ಮಂದವಾದ ಸದ್ದು ಕೊಡುತ್ತದೆ. ಆಯಸ್ಕಾಂತವನ್ನು ಹಿಡಿದು ನೋಡಿದರೆ ಪುಟ್ಟಿ ಅಥವಾ ಫೈಬರ್ ತೇಪೆಯ ಜಾಗ ಗೊತ್ತಾಗುತ್ತದೆ. ಹಳೆಯ ಡಾಂಬರನ್ನು ತೆಗೆಯಲು ಬಿಸಿಗಾಳಿಯ ಗನ್ ಮತ್ತು ಮೊಂಡಾದ ಕೆರೆಯುವ ಸಾಧನ ಸಾಕು. ಅದನ್ನು ತೆಗೆಯದೆ ಹತ್ತಿರದಲ್ಲಿ ವೆಲ್ಡಿಂಗ್ ಮಾಡಿದರೆ ಬೆಂಕಿ ಹತ್ತುತ್ತದೆ. ಕಲ್ಲು ಹೆಚ್ಚು ಬಡಿಯುವ ಚಕ್ರದ ಕಮಾನಿನೊಳಗೆ ಮಾತ್ರ, ಅದೂ ಎಪಾಕ್ಸಿಯ ಮೇಲೆ, ಮೇಲೆ ಬಣ್ಣ ಬಳಿಯಬಹುದಾದ ತೆಳು ರಬ್ಬರ್ ಪದರವನ್ನು ಹಾಕುವುದು ವಿವೇಕದ ನಡುದಾರಿ.

ಬಣ್ಣ ಮತ್ತು ಹೊಳಪು

ಮ್ಯಾಟ್ ಕಪ್ಪು ನೋಡಲು ಗಂಭೀರವಾದರೂ ಅದರ ಒರಟು ಮೇಲ್ಮೈ ಧೂಳನ್ನು ಹಿಡಿದಿಡುತ್ತದೆ. ಪೂರ್ಣ ಹೊಳಪಿನ ಬಣ್ಣವನ್ನು ತೊಳೆಯುವುದು ಸುಲಭ, ಆದರೆ ಬಡಿಗೆಯ ಗುರುತು ಮತ್ತು ಬೆಸುಗೆಯ ಉಬ್ಬುಗಳನ್ನು ಎತ್ತಿ ತೋರಿಸುತ್ತದೆ. ಆದ್ದರಿಂದ ಓಡಿಸುವ ಕಾರಿಗೆ ಅರೆಹೊಳಪು ಹೆಚ್ಚು ಒಗ್ಗುತ್ತದೆ. ತಿಳಿ ಬೂದು ಅಥವಾ ಕಾರಿನದೇ ಬಣ್ಣದಲ್ಲಿ ಎಣ್ಣೆಯ ಸೋರಿಕೆ, ಕೂದಲೆಳೆ ಬಿರುಕು, ತುಕ್ಕಿನ ಮೊದಲ ಕಂದು ಚುಕ್ಕೆ ತಕ್ಷಣ ಕಾಣುತ್ತವೆ. 1950 ಮತ್ತು 60ರ ದಶಕದ ಅನೇಕ ಕಾರುಗಳಲ್ಲಿ ತಳಭಾಗಕ್ಕೆ ಪ್ರತ್ಯೇಕ ಅಂತಿಮ ಬಣ್ಣವೇ ಇರುತ್ತಿರಲಿಲ್ಲ. ಪ್ರೈಮರಿನ ಮೇಲೆ ದೇಹದ ಬಣ್ಣದ ತುಂತುರು ಅಂಚುಗಳಿಂದ ಒಳಕ್ಕೆ ಬಿದ್ದಿರುತ್ತಿತ್ತು. ಮೂಲರೂಪವನ್ನು ಅರಸುವವರು ಪೆಟ್ರೋಲ್ ಟ್ಯಾಂಕಿನ ಪಟ್ಟಿ ಮತ್ತು ಬ್ರಾಕೆಟ್‌ಗಳ ಅಡಿಯಲ್ಲಿ ಉಳಿದ ಬಣ್ಣವನ್ನು ಕೆರೆಯುವ ಮೊದಲೇ ಛಾಯಾಚಿತ್ರ ತೆಗೆದಿಡುತ್ತಾರೆ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಅಂಗೀಕರಿಸಿದ ತೂರಿನ್ ಸನ್ನದು ಸಹ ಇಂತಹ ದಾಖಲೀಕರಣಕ್ಕೆ ಒತ್ತು ಕೊಡುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಅಥವಾ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿರುವಂತೆ ಸೂರಿನಡಿ ನಿಲ್ಲುವ ಕಾರಿಗೆ ಮೂಲ ಲೇಪನವನ್ನೇ ಉಳಿಸಿಕೊಳ್ಳಬಹುದು. ಮಳೆಯಲ್ಲಿ ಓಡುವ ಕಾರಿಗೆ ಅದೇ ನಿಯಮವನ್ನು ಹೇರುವುದು ಹಟವಷ್ಟೇ.

ನೋಂದಣಿ ಮತ್ತು ಚಾಸಿ ಸಂಖ್ಯೆ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ ವಾಹನಗಳನ್ನು ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ಸಂಖ್ಯೆಯಡಿ ನೋಂದಾಯಿಸಬಹುದು. ಚಾಸಿ, ದೇಹದ ಕವಚ ಅಥವಾ ಎಂಜಿನ್ ಗಣನೀಯವಾಗಿ ಮಾರ್ಪಟ್ಟಿರಬಾರದು. ರಾಜಾಜಿನಗರದ ಕೆಎ-02 ಸೇರಿದಂತೆ ಯಾವುದೇ ಸಾರಿಗೆ ಕಚೇರಿಯ ತಪಾಸಣೆಯಲ್ಲಿ ಲೋಹದ ಮೇಲೆ ಒತ್ತಿದ ಚಾಸಿ ಸಂಖ್ಯೆ ಓದುವಂತಿರಬೇಕು. ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಅದರ ಅಚ್ಚು ತೆಗೆಯುವ ರೂಢಿಯೂ ಇದೆ. ಬ್ಲಾಸ್ಟಿಂಗ್‌ನಲ್ಲಿ ಸವೆದ ಅಥವಾ ದಪ್ಪ ಲೇಪನದಡಿ ಹೂತ ಸಂಖ್ಯೆ ಪ್ರಾಮಾಣಿಕ ಮಾಲೀಕನನ್ನೂ ಸಂಶಯಕ್ಕೆ ಗುರಿಮಾಡುತ್ತದೆ. ಆದ್ದರಿಂದ ಆ ಜಾಗವನ್ನು ಟೇಪಿನಿಂದ ಮುಚ್ಚಿ, ಕೈಯಿಂದ ಶುಚಿಗೊಳಿಸಿ, ತೆಳುವಾದ ಒಂದೇ ಪದರ ಬಳಿಯಬೇಕು.

ಲೇಪಿಸಬಾರದ ಜಾಗಗಳು ಮತ್ತು ಪಾಲನೆ

ಬ್ರೇಕಿನ ರಬ್ಬರ್ ಕೊಳವೆ, ಹ್ಯಾಂಡ್‌ಬ್ರೇಕ್ ಕೇಬಲ್, ಗ್ರೀಸ್ ತುಂಬುವ ನಿಪ್ಪಲ್, ಸೈಲೆನ್ಸರ್, ವಿದ್ಯುತ್ತಿನ ಅರ್ತ್ ಬಿಂದು ಇವುಗಳಿಗೆ ಬಣ್ಣ ತಾಗಬಾರದು. ಹೆಚ್ಚು ಮರೆತುಹೋಗುವುದು ಸಿಲ್ ಮತ್ತು ಬಾಗಿಲಿನ ಕೆಳಗಿನ ನೀರು ಹರಿಯುವ ತೂತುಗಳು. ಅವು ಮುಚ್ಚಿದರೆ ಒಳಸೇರಿದ ಮಳೆನೀರು ಪೊಳ್ಳು ತೊಲೆಯೊಳಗೇ ನಿಲ್ಲುತ್ತದೆ. ಕುಂಚ ತಲುಪದ ಈ ಪೊಳ್ಳುಗಳಿಗೆ ಉದ್ದನೆಯ ನಳಿಕೆಯಿಂದ ಮೇಣ ಅಥವಾ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್ ಸಿಂಪಡಿಸಲಾಗುತ್ತದೆ. ಬಣ್ಣ ಪೂರ್ತಿ ಗಟ್ಟಿಯಾದ ನಂತರವೇ ಈ ಕೆಲಸ, ಏಕೆಂದರೆ ಮೇಣ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ಮಳೆಗಾಲ ಮುಗಿದು ನವೆಂಬರಿನಲ್ಲಿ ಕಾರನ್ನು ಎತ್ತಿ ಕಮಾನಿನ ಕೆಸರನ್ನು ತೊಳೆದು, ತೂತುಗಳಿಗೆ ತಂತಿ ಹಾಕಿ, ಸಿಡಿದ ಚುಕ್ಕೆಗಳಿಗೆ ಪ್ರೈಮರ್ ಮುಟ್ಟಿಸುವುದು ಒಂದು ದಿನದ ಕೆಲಸ.