ಮನೆಯಲ್ಲಿ ಕುಳಿತು ಕೆಲಸ: ದಿನದ ಗುರಿಗೆ ಅಳತೆಯೂ ಬೇಕು, ಎಲ್ಲೆಯೂ ಬೇಕು

ಮುಂಬಯಿಯಲ್ಲಿ ದುಡಿಯುವವರ ಬದುಕಿಗೆ ದಶಕಗಳ ಕಾಲ ಗಡಿಯಾರವಾಗಿದ್ದುದು ಲೋಕಲ್ ರೈಲು. ಡೊಂಬಿವಲಿ, ಮೀರಾರೋಡ್, ನೆರೂಲ್ ಮುಂತಾದ ಕಡೆಗಳಿಂದ ಫೋರ್ಟ್, ನರಿಮನ್ ಪಾಯಿಂಟ್, ಅಂಧೇರಿಯ ಕಚೇರಿಗಳಿಗೆ ಹೋಗಿಬರುವ ನಮ್ಮವರು ಏಳುವ ಹೊತ್ತು, ಉಣ್ಣುವ ಹೊತ್ತು, ಮನೆಗೆ ಮರಳುವ ಹೊತ್ತು ಎಲ್ಲವನ್ನೂ ನಿರ್ಧರಿಸುತ್ತಿದ್ದುದು ಹಿಡಿಯಬೇಕಾದ ಗಾಡಿಯೇ. 2020ರ ಮಾರ್ಚ್ 22ರ ನಡುರಾತ್ರಿ ಆ ಗಾಡಿಗಳು ನಿಂತುಹೋದವು. ಜೂನ್ 15ರಂದು ಅಗತ್ಯ ಸೇವೆಯವರಿಗಾಗಿ ಮಾತ್ರ ಮತ್ತೆ ಹೊರಟವು. ಮರುವರ್ಷ ಫೆಬ್ರವರಿಯಿಂದ ಕೆಲಕಾಲ ನಿಗದಿತ ಹೊತ್ತಿನಲ್ಲಷ್ಟೇ ಜನಸಾಮಾನ್ಯರಿಗೆ ಅವಕಾಶ ದೊರೆತು, ಅದೂ ನಿಂತು, ಕೊನೆಗೆ 2021ರ ಆಗಸ್ಟ್ 15ರಿಂದ ಎರಡು ಡೋಸ್ ಲಸಿಕೆ ಪಡೆದವರಿಗೆ ಬಾಗಿಲು ತೆರೆಯಿತು.

ರೋಗದ ಭೀತಿ ಕಳೆದು ರೈಲುಗಳು ಎಂದಿನಂತೆ ತುಂಬಿ ಹರಿಯುತ್ತಿದ್ದರೂ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಪೂರ್ತಿಯಾಗಿ ಹೋಗಲಿಲ್ಲ. ಗಣಕಯಂತ್ರದ ಉದ್ಯೋಗಿಗಳು, ಲೆಕ್ಕಪತ್ರ ನೋಡುವವರು, ಅನುವಾದಕರು, ವಿಮಾ ಸಲಹೆಗಾರರು, ಆನ್‌ಲೈನ್ ಪಾಠ ಹೇಳುವ ಶಿಕ್ಷಕಿಯರು ಹೀಗೆ ಅನೇಕರು ವಾರದ ಕೆಲವು ದಿನಗಳನ್ನಾದರೂ ಮನೆಯಲ್ಲೇ ದುಡಿದು ಕಳೆಯುತ್ತಾರೆ. ಇವರಿಂದ ನಾವು ಎರಡು ಬಗೆಯ ದೂರುಗಳನ್ನು ಕೇಳುತ್ತೇವೆ. ಇಡೀ ದಿನ ಕುಳಿತರೂ ಏನೂ ಮುಗಿಯಲಿಲ್ಲ ಎಂಬುದು ಒಂದು. ರಾತ್ರಿ ಹನ್ನೊಂದಾದರೂ ಕೆಲಸ ಬಿಡುವುದಿಲ್ಲ ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ತೋರಿದರೂ ಬಹುತೇಕ ಎರಡರ ಮೂಲವೂ ಒಂದೇ. ದಿನದ ಕೆಲಸ ಎಷ್ಟು, ಅದು ಎಲ್ಲಿ ಮುಗಿಯುತ್ತದೆ ಎಂಬ ನಿಶ್ಚಯ ಬೆಳಗ್ಗೆ ಆಗಿರುವುದಿಲ್ಲ. ಈ ನಿಶ್ಚಯವನ್ನು ಮಾಡಿಕೊಳ್ಳುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಗಿರ್ಗಾಂವ್‌ನ ತಾರಸಿಯಿಂದ ಒಂದು ಪಾಠ

ಮನೆಯಲ್ಲಿ ಕುಳಿತು ದುಡಿಯುವುದು ಈ ಮಹಾನಗರಕ್ಕೆ ಹೊಸತೇನಲ್ಲ. 1959ರ ಮಾರ್ಚ್ 15ರಂದು ಗಿರ್ಗಾಂವ್‌ನ ಒಂದು ಕಟ್ಟಡದ ತಾರಸಿಯಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲದ ಬಂಡವಾಳದಿಂದ ಹಪ್ಪಳ ಮಾಡಲು ಕುಳಿತರು. ಮೊದಲ ದಿನ ಆದದ್ದು ನಾಲ್ಕೇ ನಾಲ್ಕು ಪೊಟ್ಟಣ. ಅದೇ ಮುಂದೆ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ ಎಂಬ ಸಂಸ್ಥೆಯಾಗಿ ಬೆಳೆದು, ದೇಶದಾದ್ಯಂತ ಹತ್ತಾರು ಸಾವಿರ ಮಹಿಳೆಯರಿಗೆ ದುಡಿಮೆ ಒದಗಿಸಿತು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಇಲ್ಲಿನ ದಿನಚರಿಯನ್ನು ಗಮನಿಸಬೇಕು. ಬೆಳಗ್ಗೆ ಸದಸ್ಯೆಯರು ಶಾಖೆಗೆ ಬರುತ್ತಾರೆ. ಹಿಂದಿನ ದಿನ ಲಟ್ಟಿಸಿ ಒಣಗಿಸಿದ ಹಪ್ಪಳವನ್ನು ಒಪ್ಪಿಸುತ್ತಾರೆ. ಅದರ ತೂಕವನ್ನೂ ಗುಣವನ್ನೂ ಪರೀಕ್ಷಿಸಲಾಗುತ್ತದೆ. ಕೂಲಿ ಕೈಗೆ ಬರುತ್ತದೆ. ಆ ದಿನದ ಹಿಟ್ಟನ್ನು ತೂಗಿಸಿಕೊಂಡು ಮನೆಗೆ ಮರಳುತ್ತಾರೆ. ಕೆಲಸ ನಡೆಯುವುದು ಮನೆಯಲ್ಲಿ, ಆದರೆ ಅದರ ಅಳತೆ ನಿಶ್ಚಯವಾಗುವುದು ಮನೆಯ ಹೊರಗೆ. ತಂದ ಹಿಟ್ಟು ಮುಗಿದರೆ ಅಂದಿನ ಕೆಲಸ ಮುಗಿಯಿತು. ಇದರಲ್ಲಿ ಮೂರು ಅಂಶಗಳಿವೆ: ಎಣಿಸಬಹುದಾದ ಪ್ರಮಾಣ, ಒಪ್ಪಿಸಬೇಕಾದ ಹೊತ್ತು, ಒಪ್ಪಿಕೊಳ್ಳುವ ಎರಡನೆಯ ವ್ಯಕ್ತಿ. ಇಂದು ಲ್ಯಾಪ್‌ಟಾಪ್ ಮುಂದೆ ಕುಳಿತವರ ದಿನದಲ್ಲಿ ಅನೇಕ ವೇಳೆ ಈ ಮೂರೂ ಇರುವುದಿಲ್ಲ.

ಮತ್ತೂ ಒಂದು ಸಂಗತಿಯಿದೆ. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗಿಸಲಾಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತ್ತು. ಮರುವರ್ಷ ಅವರು ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಗುರಿ ತಪ್ಪಿದಾಗ ಅವರು ತಮ್ಮ ಸಂಕಲ್ಪಶಕ್ತಿಯನ್ನು ಹಳಿಯುತ್ತ ಕೂರಲಿಲ್ಲ, ಅಡ್ಡಿಯಾದುದೇನೆಂದು ನೋಡಿ ಅದಕ್ಕೆ ಉಪಾಯ ಹುಡುಕಿದರು. ದಿನದ ಗುರಿ ಮತ್ತೆ ಮತ್ತೆ ತಪ್ಪುತ್ತಿದ್ದರೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ.

ಬೀಡಿಯ ಸೂಪು ಹೇಳುವ ಎಚ್ಚರಿಕೆ

ಗುರಿಗೆ ಅಳತೆಯೊಂದೇ ಸಾಲದು ಎಂಬುದನ್ನು ತಿಳಿಯಲು ನಮ್ಮಲ್ಲಿ ಬಹುಮಂದಿಯ ತವರಾದ ಕರಾವಳಿಯ ಕಡೆ ನೋಡಬೇಕು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳ ಎಷ್ಟೋ ಮನೆಗಳ ಜಗಲಿಯಲ್ಲಿ ತಾಯಂದಿರು ಸೂಪನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಹಾಗೆ ಓದಿದವರಲ್ಲಿ ಹಲವರು ಮುಂಬಯಿಗೆ ಬಂದು ನೆಲೆಸಿದವರೇ. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ, ನೂಲು ಕಟ್ಟಿ, ತಲೆ ಮಡಚುವ ಈ ಕೆಲಸಕ್ಕೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಅಡುಗೆಗೆ ಮುನ್ನ ಇಷ್ಟು ಕಟ್ಟು, ಮಧ್ಯಾಹ್ನದ ಊಟದೊಳಗೆ ಇಷ್ಟು, ದೀಪ ಹಚ್ಚುವ ಹೊತ್ತಿಗೆ ಇಷ್ಟು ಎಂದು ದೊಡ್ಡ ಗುರಿಯನ್ನು ಚಿಕ್ಕ ಚಿಕ್ಕ ಪಾಲುಗಳಾಗಿ ಒಡೆದುಕೊಳ್ಳುವ ಜಾಣ್ಮೆ ಅವರಿಗೆ ಯಾವ ಪುಸ್ತಕದಿಂದಲೂ ಬಂದುದಲ್ಲ.

ಆದರೆ ಇದೇ ದುಡಿಮೆ ಇನ್ನೊಂದು ಮುಖವನ್ನೂ ತೋರಿಸಿದೆ. ಎಣಿಕೆಗೆ ತಕ್ಕ ಕೂಲಿಯಾದ್ದರಿಂದ ಇನ್ನಷ್ಟು ಕಟ್ಟೋಣ ಎಂಬ ಒತ್ತಡಕ್ಕೆ ಕೊನೆಯಿಲ್ಲ. ಶಾಲೆಯಿಂದ ಬಂದ ಮಕ್ಕಳೂ ಸೂಪಿನ ಸುತ್ತ ಕುಳಿತದ್ದುಂಟು. ಹೊಗೆಸೊಪ್ಪಿನ ಧೂಳು ಮನೆಯ ಗಾಳಿಯನ್ನು ಸೇರಿತು. ಗಂಟೆಗಟ್ಟಲೆ ಬಾಗಿ ಕುಳಿತು ಬೆನ್ನು, ಕತ್ತು ನೋಯತೊಡಗಿದವು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿತಾದರೂ ಮನೆಯೊಳಗಿನ ದುಡಿಮೆಯ ಹೊತ್ತನ್ನು ನೋಡುವವರು ಯಾರು? ಮನೆಯೇ ಕಾರ್ಯಾಲಯವಾದಾಗ ಕೆಲಸ ತನ್ನ ಎಲ್ಲೆಯನ್ನು ಮೀರಿ ಅಡುಗೆಮನೆಗೂ ಮಲಗುವ ಕೋಣೆಗೂ ಹಬ್ಬುತ್ತದೆ. ಸಂಬಳ ಎಷ್ಟೇ ದೊಡ್ಡದಾಗಿದ್ದರೂ ಈ ಅಪಾಯ ಇಂದಿನ ಉದ್ಯೋಗಿಗೂ ತಪ್ಪಿದ್ದಲ್ಲ.

ಸಂಶೋಧನೆ ಹೇಳುವುದೇನು

ಚೀನಾದ ಶಾಂಘೈಯಲ್ಲಿ ಸಿಟ್ರಿಪ್ ಎಂಬ ಪ್ರವಾಸ ಸಂಸ್ಥೆಯ ದೂರವಾಣಿ ಸಿಬ್ಬಂದಿಯ ಮೇಲೆ 2010ರ ಡಿಸೆಂಬರ್‌ನಿಂದ ಒಂಬತ್ತು ತಿಂಗಳ ಪ್ರಯೋಗವೊಂದು ನಡೆಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ವಾರದಲ್ಲಿ ನಾಲ್ಕು ದಿನ ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತು. ಇದರಲ್ಲಿ ಶೇ. 9 ಬಂದುದು ಬಿಡುವು ಮತ್ತು ರಜೆ ಕಡಿಮೆಯಾಗಿ ಹೆಚ್ಚು ನಿಮಿಷ ದುಡಿದುದರಿಂದ. ಉಳಿದುದು ನಿಮಿಷಕ್ಕೆ ಹೆಚ್ಚು ಕರೆ ಸ್ವೀಕರಿಸಿದುದರಿಂದ.

ಆದರೆ ಅಲ್ಲಿನ ಸ್ಥಿತಿಯನ್ನು ಮರೆಯಬಾರದು. ಅವರ ಕೆಲಸ ಎಣಿಸಬಹುದಾದ ಕರೆಗಳು, ಪಾಳಿಯ ಹೊತ್ತು ನಿಗದಿಯಾಗಿತ್ತು, ಮನೆಯಲ್ಲಿ ಪ್ರತ್ಯೇಕ ಕೋಣೆ ಇದ್ದವರಿಗಷ್ಟೇ ಅವಕಾಶ. ಹಾಗಿದ್ದೂ ಪ್ರಯೋಗ ಮುಗಿದ ಮೇಲೆ ಮನೆಯಿಂದ ದುಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಚೇರಿಗೆ ಮರಳಲು ಬಯಸಿದರು; ಒಂಟಿತನ ಅವರನ್ನು ಕಾಡಿತ್ತು. ಮನೆಗೆಲಸದ ಯಶಸ್ಸು ಮನೆಯಲ್ಲಿರುವುದರಿಂದಲೇ ತಾನಾಗಿ ಬರುವುದಿಲ್ಲ, ವ್ಯವಸ್ಥೆಯಿಂದ ಬರುತ್ತದೆ ಎಂಬುದು ಇದರ ತಾತ್ಪರ್ಯ.

ಆಚರಣೆಗೆ ತರುವ ಬಗೆ

ಮೊದಲನೆಯದಾಗಿ, ಗುರಿಯನ್ನು ಹಿಂದಿನ ಸಂಜೆಯೇ ಬರೆದಿಡಬೇಕು. ಬೆಳಗ್ಗೆ ಕುಳಿತು ಇಂದು ಏನು ಮಾಡಲಿ ಎಂದು ಯೋಚಿಸತೊಡಗಿದರೆ ಮೊದಲು ಬಂದ ಮಿಂಚಂಚೆಯೋ ವಾಟ್ಸಾಪ್ ಸಂದೇಶವೋ ಆ ದಿನದ ಯಜಮಾನನಾಗುತ್ತದೆ. ಮೂರು ಕೆಲಸಗಳು ಸಾಕು: ಅದರಲ್ಲಿ ಒಂದು ದೊಡ್ಡದು, ಎರಡು ಸಣ್ಣವು.

ಎರಡನೆಯದಾಗಿ, ಗುರಿ ತೂಗಲು ಬರುವಂತಿರಬೇಕು. ಜಿಎಸ್‌ಟಿ ಕೆಲಸ ಮಾಡುವುದು ಎಂದು ಬರೆದರೆ ಅದು ಆಶಯವಷ್ಟೇ. ತಿಂಗಳಿಗೊಮ್ಮೆ ವಿವರ ಸಲ್ಲಿಸುವ ವ್ಯಾಪಾರಿಗೆ ಜಿಎಸ್‌ಟಿಆರ್-1 ಮರುತಿಂಗಳ 11ರೊಳಗೆ, 3ಬಿ 20ರೊಳಗೆ ಆಗಬೇಕು. ಇಂಥ ಗಡುವಿನಿಂದ ಹಿಂದಕ್ಕೆ ಎಣಿಸಿ, ಇಂದು ಊಟಕ್ಕೆ ಮುನ್ನ ನಲವತ್ತು ಬಿಲ್ಲುಗಳನ್ನು ತಾಳೆ ನೋಡುವುದು ಎಂದು ಬರೆದರೆ ಅದು ಗುರಿ. ಅನುವಾದಕರಿಗೆ ಪುಟ, ಶಿಕ್ಷಕಿಗೆ ತಿದ್ದಿದ ಉತ್ತರಪತ್ರಿಕೆ, ತಂತ್ರಜ್ಞರಿಗೆ ಪರೀಕ್ಷಿಸಿ ಮುಗಿಸಿದ ಒಂದು ಭಾಗ ಇಂಥ ಅಳತೆಗಳಾಗಬಲ್ಲವು. ಯೋಚಿಸಿ ಮಾಡುವ ಕೆಲಸವನ್ನು ಎಣಿಸಲಾಗದಿದ್ದರೆ ಅದಕ್ಕೆ ಅಡ್ಡಿಯಿಲ್ಲದ ಒಂದೂವರೆ ಗಂಟೆ ಎಂದು ಹೊತ್ತನ್ನೇ ಅಳತೆಯಾಗಿಸಬಹುದು.

ಮೂರನೆಯದಾಗಿ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾಗುವ ಹೊತ್ತನ್ನು ಕಡಿಮೆಯಾಗಿಯೇ ಊಹಿಸುತ್ತಾರೆಂಬುದನ್ನು ಡೇನಿಯಲ್ ಕಾಹ್ನಮನ್ ಮತ್ತು ಆಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಗುರುತಿಸಿದ್ದರು. ಊಹೆಯ ಬದಲಿಗೆ ಎರಡು ವಾರಗಳ ಕಾಲ ನಿಜವಾಗಿ ಮುಗಿದದ್ದನ್ನು ಬರೆದಿಟ್ಟು, ಅದರ ಸರಾಸರಿಯಿಂದ ಗುರಿಯನ್ನು ನಿಶ್ಚಯಿಸುವುದು ಲೇಸು. ದಿನಕ್ಕೆ ಎಂಟು ಗಂಟೆಯಿದ್ದರೆ ಎಂಟು ಗಂಟೆಯ ಕೆಲಸವನ್ನೂ ಬರೆದುಕೊಳ್ಳಬಾರದು. ಮೀಟಿಂಗ್, ದೂರವಾಣಿ, ಕೈಕೊಟ್ಟ ಇಂಟರ್ನೆಟ್, ಮಳೆಗಾಲದಲ್ಲಿ ಮಕ್ಕಳ ಶಾಲೆಗೆ ಇದ್ದಕ್ಕಿದ್ದಂತೆ ಬರುವ ರಜೆ ಎಲ್ಲಕ್ಕೂ ಒಂದು ಪಾಲು ಖಾಲಿ ಬಿಡಬೇಕು.

ನಾಲ್ಕನೆಯದಾಗಿ, ಒಪ್ಪಿಸುವ ಹೊತ್ತೂ ಒಪ್ಪಿಕೊಳ್ಳುವವರೂ ಇರಬೇಕು. ಮೇಲಧಿಕಾರಿಗೆ ಸಂಜೆ ಎರಡು ಸಾಲಿನ ವರದಿ ಕಳಿಸಬಹುದು. ಸ್ವತಂತ್ರವಾಗಿ ದುಡಿಯುವವರು ಅದೇ ವೃತ್ತಿಯ ಸ್ನೇಹಿತರೊಬ್ಬರೊಡನೆ ದಿನದ ಲೆಕ್ಕ ಹೇಳಿಕೊಳ್ಳಬಹುದು. ಇದರಿಂದ ಒಂಟಿತನವೂ ಕೊಂಚ ಕಳೆಯುತ್ತದೆ.

ಮನೆಯವರ ಪಾಲು

ಇಷ್ಟೆಲ್ಲ ಹೇಳಿದರೂ ಮುಂಬಯಿಯ ಒಂದೇ ಮಲಗುವ ಕೋಣೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರ ಕೆಲಸ, ಮಕ್ಕಳ ಓದು, ಹಿರಿಯರ ವಿಶ್ರಾಂತಿ ಒಟ್ಟಿಗೆ ನಡೆಯಬೇಕಾದಾಗ ಗುರಿ ಒಬ್ಬರದೇ ನಿರ್ಧಾರವಾಗಲಾರದು. ಯಾರಿಗೆ ಯಾವ ಹೊತ್ತಿಗೆ ಬಾಗಿಲು ಮುಚ್ಚುವ ಕೋಣೆ ಬೇಕು ಎಂಬುದನ್ನು ಹಿಂದಿನ ರಾತ್ರಿ ಊಟದ ಹೊತ್ತಿನಲ್ಲೇ ಮಾತಾಡಿಕೊಂಡರೆ ಬೆಳಗಿನ ಮನಸ್ತಾಪ ಎಷ್ಟೋ ತಪ್ಪುತ್ತದೆ.

ಇಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆವಾರ್ತೆಯಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗುವ ಪುರುಷರು ಕೊಟ್ಟದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು 289 ಮತ್ತು 88. ಅಂದರೆ ಮನೆಯಲ್ಲಿ ಕುಳಿತು ಉದ್ಯೋಗ ಮಾಡುವ ಗೃಹಿಣಿಯ ದಿನ ಆರಂಭವಾಗುವ ಮೊದಲೇ ಅದರಲ್ಲಿ ಸುಮಾರು ಐದು ಗಂಟೆ ಕಳೆದುಹೋಗಿರುತ್ತದೆ. ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯದೆ ಇಟ್ಟ ಗುರಿ ಆಕೆಯ ನಿದ್ರೆಯಿಂದಲೇ ತೆತ್ತು ಪೂರೈಸಬೇಕಾದ ಗುರಿಯಾಗುತ್ತದೆ. ಆದುದರಿಂದ ದಿನದ ಪಟ್ಟಿಯಲ್ಲಿ ಅಡುಗೆ, ಬಟ್ಟೆ, ಮಕ್ಕಳ ಪಾಠಗಳನ್ನೂ ಬರೆಯಬೇಕು. ಬರೆದ ಮೇಲೆ ಅವುಗಳನ್ನು ಮನೆಮಂದಿಯಲ್ಲಿ ಹಂಚಬೇಕು.

ಸಾಕು ಎನ್ನುವ ಧೈರ್ಯ

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಮಗೆಲ್ಲ ಪರಿಚಿತ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಅಂದಿಗೆ ಬೇಕಾದಷ್ಟನ್ನು ಬಿಟ್ಟು ಉಳಿದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳಿಸಿದರೆಂದು ಪರಂಪರೆ ತಿಳಿಸುತ್ತದೆ. ದುಡಿಮೆಯನ್ನು ಅಷ್ಟೊಂದು ಎತ್ತರಕ್ಕೆ ಏರಿಸಿದವರೇ ಅದಕ್ಕೊಂದು ಮೇಲಿನ ಮಿತಿಯನ್ನೂ ಇಟ್ಟುಕೊಂಡಿದ್ದರು.

ದಿನದ ಗುರಿಯಿಂದ ನಮಗೆ ಆಗಬೇಕಾದ ದೊಡ್ಡ ಉಪಕಾರವೂ ಇದೇ. ಇಷ್ಟನ್ನಾದರೂ ಮಾಡಬೇಕು ಎಂದು ಅದು ಹೇಳುವಂತೆ, ಇಷ್ಟಾದರೆ ಸಾಕು ಎಂದೂ ಹೇಳಬೇಕು. ಬರೆದ ಮೂರು ಕೆಲಸ ನಾಲ್ಕು ಗಂಟೆಗೇ ಮುಗಿದರೆ ನಾಲ್ಕನೆಯದನ್ನು ಹುಡುಕಿ ತರುವ ಆತುರ ಬೇಡ. ಸಂಜೆ ನಿಶ್ಚಯಿಸಿದ ಹೊತ್ತಿಗೆ ನಾಳೆಯ ಚೀಟಿ ಬರೆದು, ಲ್ಯಾಪ್‌ಟಾಪ್ ಮುಚ್ಚಿ ಕಪಾಟಿನೊಳಗಿಡಬೇಕು. ಸಾಧ್ಯವಾದರೆ ಹತ್ತು ನಿಮಿಷ ಕಟ್ಟಡದ ಕೆಳಗಿಳಿದು ನಡೆದು ಬರಬೇಕು. ಹಿಂದೆ ಲೋಕಲ್ ರೈಲು ನಮ್ಮನ್ನು ಕಚೇರಿಯಿಂದ ಬಿಡಿಸಿ ಮನೆಗೆ ತಂದು ಮುಟ್ಟಿಸುತ್ತಿತ್ತು. ಮನೆಯಲ್ಲೇ ದುಡಿಯುವ ದಿನಗಳಲ್ಲಿ ಆ ಪಯಣವನ್ನು ನಾವೇ ಏರ್ಪಡಿಸಿಕೊಳ್ಳಬೇಕಾಗಿದೆ. ಹಾಗೆ ಮಾಡಿಕೊಂಡಲ್ಲಿ ದುಡಿಮೆಗೂ ನ್ಯಾಯ ಸಲ್ಲುತ್ತದೆ, ಮನೆ ಮನೆಯಾಗಿಯೂ ಉಳಿಯುತ್ತದೆ.